ಬ್ಯಾಟರಿಗೆ ಬಾಡಿಗೆ, ಬಣ್ಣಕ್ಕೆ ಬೆಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ವಾರ ನನ್ನ ತಂಗಿಯ ಮಗ ಬೆಂಗಳೂರಿನಿಂದ ಮೈಸೂರಿಗೆ ಬಂದಿದ್ದ. ಕಾಫಿ ಕುಡಿದು ಮುಗಿಸುವ ಮೊದಲೇ ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದ. "ಮಾವ, ಈ ದೀಪಾವಳಿಗೆ ಎಲೆಕ್ಟ್ರಿಕ್ ಕಾರು ತಗೊಳ್ತಿದ್ದೀನಿ. ಹದಿಮೂರೂವರೆ ಲಕ್ಷದ ಗಾಡಿ ಹತ್ತು ಲಕ್ಷಕ್ಕೆ ಸಿಗುತ್ತೆ. ಬ್ಯಾಟರಿ ಮಾತ್ರ ಬಾಡಿಗೆ" ಎಂದ.

ನಾನು 31 ವರ್ಷ ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ನೋಡಿದವನು. ಅವನ ಖುಷಿ ಕೆಡಿಸುವ ಮನಸ್ಸಿರಲಿಲ್ಲ. ಎಲೆಕ್ಟ್ರಿಕ್ ಕಾರು ಒಳ್ಳೆಯದೇ. ಹೊಗೆಯಿಲ್ಲ, ಸದ್ದಿಲ್ಲ. ಜಿಎಸ್‌ಟಿ ಕೂಡ ಬರೀ ಶೇಕಡ 5. ಪೆಟ್ರೋಲ್ ಕಾರಿಗೆ 2025ರ ಸೆಪ್ಟೆಂಬರ್ 22ರಿಂದ ಸಣ್ಣದಾದರೆ ಶೇಕಡ 18, ದೊಡ್ಡದಾದರೆ ಶೇಕಡ 40 ಆಗಿದೆ. ನನ್ನ ಚಿಂತೆ ಕಾರಿನ ಬಗ್ಗೆ ಅಲ್ಲ, ಅದನ್ನು ಮಾರುವ ರೀತಿಯ ಬಗ್ಗೆ. ಈಗ ಯಾರೂ ಕಾರಿನ ಪೂರ್ತಿ ಬೆಲೆ ಹೇಳುವುದಿಲ್ಲ. ತಿಂಗಳಿಗೆ ಇಷ್ಟು, ಕಿಲೋಮೀಟರಿಗೆ ಇಷ್ಟು ಅಂತಾರೆ. ಸಣ್ಣ ಅಂಕಿ ಕೇಳಿದಾಗ ಮನಸ್ಸು ಹಗುರಾಗುತ್ತೆ, ಅಲ್ವಾ?

ಅವನು ತೋರಿಸಿದ ಲೆಕ್ಕವನ್ನೇ ನಿಮಗೂ ಹೇಳುತ್ತೇನೆ. ಎಂಜಿ ಕಂಪನಿಯ ವಿಂಡ್ಸರ್ ಕಾರು 2024ರ ಸೆಪ್ಟೆಂಬರ್‌ನಲ್ಲಿ ಬಂತು. ಬ್ಯಾಟರಿ ಸೇರಿ ಆರಂಭದ ಬೆಲೆ 13.50 ಲಕ್ಷ ರೂಪಾಯಿ. ಬ್ಯಾಟರಿ ಬಾಡಿಗೆಗೆ ಪಡೆದರೆ 9.99 ಲಕ್ಷ. ಆಮೇಲೆ ಓಡಿಸಿದ ಪ್ರತಿ ಕಿಲೋಮೀಟರಿಗೆ 3.50 ರೂಪಾಯಿ. ಆಮೇಲೆ ಬೆಲೆಗಳು ಸ್ವಲ್ಪ ಬದಲಾಗಿವೆ. ನಾನು ಹೇಳುತ್ತಿರುವುದು ಬಿಡುಗಡೆಯ ದಿನದ ಅಂಕಿ, ಲೆಕ್ಕದ ದಾರಿ ತೋರಿಸಲು ಅಷ್ಟು ಸಾಕು.

ಎರಡು ಬೆಲೆಗಳ ನಡುವಿನ ವ್ಯತ್ಯಾಸ 3 ಲಕ್ಷ 51 ಸಾವಿರ. ಅದನ್ನು ಮೂರೂವರೆಯಿಂದ ಭಾಗಿಸಿ. ಒಂದು ಲಕ್ಷ ಕಿಲೋಮೀಟರ್ ಬರುತ್ತದೆ. ಅಂದರೆ ಒಂದು ಲಕ್ಷ ಕಿಲೋಮೀಟರ್ ಓಡುವ ಹೊತ್ತಿಗೆ ಬ್ಯಾಟರಿಯ ದುಡ್ಡು ಪೂರ್ತಿ ಕಟ್ಟಿರುತ್ತೀರಿ. ಬಡ್ಡಿಯ ಮಾತು ಬೇರೆ, ಅದಕ್ಕೆ ಆಮೇಲೆ ಬರೋಣ.

ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಒಪ್ಪಂದದ ಒಳಗೆ ಇನ್ನೊಂದು ಸಾಲಿದೆ. ಬ್ಯಾಟರಿ ಬಾಡಿಗೆಗೆ ಕೊಡುವ ಕೆಲವು ಫೈನಾನ್ಸ್ ಕಂಪನಿಗಳು ತಿಂಗಳಿಗೆ ಕನಿಷ್ಠ 1,500 ಕಿಲೋಮೀಟರಿನ ಬಾಡಿಗೆ ಹಿಡಿಯುತ್ತವೆ. ಗಾಡಿ ಅಷ್ಟು ಓಡಿದರೂ ಅಷ್ಟೇ, ಮನೆ ಮುಂದೆ ನಿಂತಿದ್ದರೂ ಅಷ್ಟೇ. 1,500 ಇಂಟು ಮೂರೂವರೆ, ತಿಂಗಳಿಗೆ 5,250 ರೂಪಾಯಿ.

ನಾನು ಅವನನ್ನು ಕೇಳಿದೆ, "ನೀನು ತಿಂಗಳಿಗೆ ಎಷ್ಟು ಓಡಿಸ್ತೀಯಾ?" "ಒಂದು ಸಾವಿರದ ಐನೂರು ಆಗಬಹುದು ಮಾವ, ವೀಕೆಂಡ್‌ನಲ್ಲಿ ಊರಿಗೆಲ್ಲ ಹೋಗ್ತೀವಲ್ಲ" ಎಂದ. ಸುಮ್ನೆ ಅಂದಾಜು ಬೇಡ ಅಂತ ಇಬ್ಬರೂ ಹೊರಗೆ ಹೋಗಿ ಅವನ ಹಳೇ ಕಾರಿನ ಮೀಟರ್ ನೋಡಿದೆವು. ಕೊಂಡು ಸರಿಯಾಗಿ ನಾಲ್ಕು ವರ್ಷ. ಓಡಿದ್ದು 31,000 ಕಿಲೋಮೀಟರ್. ತಿಂಗಳಿಗೆ 650 ಕೂಡ ಇಲ್ಲ. ಅವನಿಗೇ ಆಶ್ಚರ್ಯ. ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ, ಉಳಿದ ಎರಡು ದಿನ ಮೆಟ್ರೋ. ಟ್ರಾಫಿಕ್‌ನಲ್ಲಿ ಕೂತ ಗಂಟೆಗಳು ನೆನಪಿನಲ್ಲಿ ಉಳಿದಿವೆ, ಕಿಲೋಮೀಟರ್ ಆಗಿರಲಿಲ್ಲ.

ಅವನ ಪಾಲಿಗೆ ಈಗ ಬಾಡಿಗೆ ಎಷ್ಟಾಯಿತು? 5,250ನ್ನು 646ರಿಂದ ಭಾಗಿಸಿ. ಕಿಲೋಮೀಟರಿಗೆ 8 ರೂಪಾಯಿ ದಾಟುತ್ತದೆ. ಜಾಹೀರಾತಿನಲ್ಲಿ ಹೇಳಿದ್ದು ಮೂರೂವರೆ.

ಇನ್ನು ಬಡ್ಡಿಗೆ ಬರೋಣ. ಅದೇ 3 ಲಕ್ಷ 51 ಸಾವಿರವನ್ನು ಬ್ಯಾಂಕಿನಿಂದ ಶೇಕಡ 9ರ ಬಡ್ಡಿಗೆ, ಐದು ವರ್ಷಕ್ಕೆ ಸಾಲ ತೆಗೆದರೆ ಕಂತು ತಿಂಗಳಿಗೆ ಸುಮಾರು 7,290 ರೂಪಾಯಿ. ಬಾಡಿಗೆಗಿಂತ ಎರಡು ಸಾವಿರ ಜಾಸ್ತಿ. ಆದರೆ 60ನೇ ಕಂತು ಕಟ್ಟಿದ ದಿನ ಬ್ಯಾಟರಿ ನಿಮ್ಮದು. ಬಾಡಿಗೆ ಕಟ್ಟಿದವರು ಅಷ್ಟರಲ್ಲಿ 3 ಲಕ್ಷ 15 ಸಾವಿರ ಕೊಟ್ಟಿರುತ್ತಾರೆ, ಬ್ಯಾಟರಿ ಇನ್ನೂ ಬೇರೆಯವರದೇ. ಹಾಗಂತ ಬಾಡಿಗೆ ಯಾರಿಗೂ ಸಲ್ಲದು ಅಂತಲ್ಲ. ಕೈಯಲ್ಲಿ ಈಗ ದುಡ್ಡು ಕಡಿಮೆ ಇದ್ದು, ತಿಂಗಳಿಗೆ 1,500ರಿಂದ 2,000 ಕಿಲೋಮೀಟರ್ ಓಡಿಸುವವರಿಗೆ ಅದು ಹೊಂದುತ್ತದೆ. 2,080 ಕಿಲೋಮೀಟರ್ ದಾಟಿದರೆ ಬಾಡಿಗೆಯೇ ಬ್ಯಾಂಕಿನ ಕಂತನ್ನು ಮೀರುತ್ತದೆ. 1,500ರ ಕೆಳಗಿದ್ದರೆ ಓಡದ ದಾರಿಗೆ ದುಡ್ಡು. ನಡುವೆ ಇರುವ ಜಾಗ ತೀರಾ ಕಿರಿದು. ನಿಮ್ಮ ಓಡಾಟ ಅದರೊಳಗೆ ಬೀಳುತ್ತದೆಯೇ ಎನ್ನುವುದನ್ನು ನಿಮ್ಮ ಹಳೇ ಗಾಡಿಯ ಮೀಟರ್ ಹೇಳುತ್ತದೆ.

ಕರೆಂಟಿನ ಖರ್ಚು ಇದರ ಮೇಲೆ ಬೇರೆ. ಅದು ನಿಜಕ್ಕೂ ಕಡಿಮೆಯೇ. ವಿಂಡ್ಸರ್‌ನ ಆ ಬ್ಯಾಟರಿ 38 ಯೂನಿಟ್‌ನದು. ಯೂನಿಟ್‌ಗೆ 6 ರೂಪಾಯಿ, ಒಮ್ಮೆ ತುಂಬಿದರೆ 260 ಕಿಲೋಮೀಟರ್ ಎಂದು ಹಿಡಿದರೆ ಕಿಲೋಮೀಟರಿಗೆ 1 ರೂಪಾಯಿಯೂ ಆಗದು. ಆದರೆ ಮನೆಯ ಮೀಟರಿನಿಂದಲೇ ಚಾರ್ಜ್ ಮಾಡುವವರು ಗೃಹಜ್ಯೋತಿಯನ್ನು ಮರೆಯಬೇಡಿ. ತಿಂಗಳಿಗೆ 1,500 ಕಿಲೋಮೀಟರ್ ಓಡಿಸಿದರೆ ಕಾರೊಂದೇ ಸುಮಾರು 220 ಯೂನಿಟ್ ಎಳೆಯುತ್ತದೆ. 200 ಯೂನಿಟ್ ದಾಟಿದರೆ ಮನೆಯ ಪೂರ್ತಿ ಬಿಲ್ಲು ನಿಮ್ಮ ಮೇಲೆ ಬರುತ್ತದೆ. ಕಾರಿಗೆ ಬೇರೆ ಮೀಟರ್ ಹಾಕಿಸಿಕೊಳ್ಳಲು ಆಗುತ್ತದೆಯೇ ಅಂತ ಕಾರು ಬುಕ್ ಮಾಡುವ ಮೊದಲೇ ವಿದ್ಯುತ್ ಕಚೇರಿಯಲ್ಲಿ ಕೇಳಿ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಸಂಘದವರನ್ನೂ ಕೇಳಬೇಕು.

ಬ್ಯಾಟರಿ ಬಾಡಿಗೆ ಬೇಡ ಅಂತ ಆಯಿತು. ಆಗ ಅವನು ಇನ್ನೊಂದು ದಾರಿ ಹೇಳಿದ. ಕಂಪನಿ ಲೀಸ್. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಇದು ಈಗ ಮಾಮೂಲು. ಕಾರು ಲೀಸಿಂಗ್ ಕಂಪನಿಯದು. ಬಾಡಿಗೆ ನಿಮ್ಮ ಸಂಬಳದಿಂದ, ತೆರಿಗೆ ಹಿಡಿಯುವ ಮೊದಲೇ ಹೋಗುತ್ತದೆ. ಶೇಕಡ 30ರ ತೆರಿಗೆ ಸಾಲಿನಲ್ಲಿರುವವರಿಗೆ ಸೆಸ್ ಸೇರಿ ಶೇಕಡ 31.2. 40,000 ರೂಪಾಯಿ ಬಾಡಿಗೆ ಇದ್ದರೆ ತಿಂಗಳಿಗೆ ಸುಮಾರು 12,000 ತೆರಿಗೆ ಉಳಿಯುತ್ತದೆ. ಇದು ನಿಜವಾದ ಉಳಿತಾಯ, ಅದರಲ್ಲಿ ಮೋಸವಿಲ್ಲ. ಕಂಪನಿಯ ಕಾರು ಬಳಸಿದ್ದಕ್ಕೆ ಸಣ್ಣ ಮೊತ್ತವೊಂದು ನಿಮ್ಮ ಆದಾಯಕ್ಕೆ ಸೇರುತ್ತದೆ. 2025ರಲ್ಲಿ ಆ ನಿಯಮ ಇಂಜಿನ್ನಿನ ಗಾತ್ರ ನೋಡುತ್ತಿತ್ತು. 1.6 ಲೀಟರ್ ವರೆಗೆ ತಿಂಗಳಿಗೆ 1,800 ರೂಪಾಯಿ, ಅದಕ್ಕಿಂತ ದೊಡ್ಡದಾದರೆ 2,400 ಇತ್ತು. ಎಲೆಕ್ಟ್ರಿಕ್ ಕಾರಿಗೆ ಇಂಜಿನ್ನೇ ಇಲ್ಲವಲ್ಲ! ಹಾಗಾಗಿ ನಿಮ್ಮ ಎಚ್‌ಆರ್ ಈಗ ಯಾವ ಲೆಕ್ಕ ಹಿಡಿಯುತ್ತಾರೆ ಎಂದು ಮೊದಲೇ ಬರಹದಲ್ಲಿ ಕೇಳಿಕೊಳ್ಳಿ.

ಲೀಸ್‌ನಲ್ಲಿ ನನ್ನನ್ನು ಕಾಡುವುದು ಬೇರೆ ವಿಷಯ. ನಮ್ಮ ಬೀದಿಯ ಹುಡುಗಿಯೊಬ್ಬಳು ಬೆಂಗಳೂರಿನಲ್ಲಿ ಒಳ್ಳೆ ಕೆಲಸದಲ್ಲಿದ್ದಳು. 48 ತಿಂಗಳ ಲೀಸ್ ಮೇಲೆ ಕಾರು ತಗೊಂಡಳು. 14ನೇ ತಿಂಗಳಲ್ಲಿ ಕೆಲಸ ಹೋಯಿತು. ಅವಳ ತಪ್ಪೇನೂ ಇರಲಿಲ್ಲ, ಇಡೀ ತಂಡವನ್ನೇ ತೆಗೆದರು. ಲೀಸ್ ಒಪ್ಪಂದ ಇದ್ದಿದ್ದು ಕಂಪನಿಯ ಮೂಲಕ. ಕಾರು ವಾಪಸ್ ಕೊಟ್ಟರೆ ದಂಡ. ಇಟ್ಟುಕೊಂಡರೆ ಉಳಿದ ಮೊತ್ತವನ್ನೆಲ್ಲ ಒಂದೇ ಸಲ ಕಟ್ಟಬೇಕು. ಎರಡು ತಿಂಗಳ ಮೇಲೆ ಹೊಸ ಕೆಲಸ ಸಿಕ್ಕಿತು, ಆದರೆ ಆ ಕಂಪನಿಗೆ ಈ ಲೀಸಿಂಗ್ ಕಂಪನಿಯ ಜತೆ ಒಪ್ಪಂದ ಇರಲಿಲ್ಲ. ಮದುವೆಗೆಂದು ಇಟ್ಟಿದ್ದ ಎಫ್‌ಡಿ ಮುರಿದಳು. ಅವಳ ಅಪ್ಪ ಆ ಎಫ್‌ಡಿ ಬಾಂಡು ತಗೊಂಡು ನನ್ನ ಹತ್ತಿರ ಸಲಹೆಗೆ ಬಂದಿದ್ದರು. ಒಪ್ಪಂದದ ಕಾಗದ ಪೂರ್ತಿ ಓದಿ ನೋಡಿದೆ. ಎಲ್ಲಾ ಶರತ್ತುಗಳೂ ಅದರಲ್ಲೇ ಇದ್ದವು, 11ನೇ ಪುಟದಲ್ಲಿ. ಸಹಿ ಹಾಕುವಾಗ ಯಾರೂ ಅವಳಿಗೆ ಆ ಪುಟ ತೋರಿಸಿರಲಿಲ್ಲ. ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ಆ ದಿನದ ಬೇಸರ ಇನ್ನೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಅದಕ್ಕೇ ಲೀಸ್ ತೆಗೆದುಕೊಳ್ಳುವವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಬಾಡಿಗೆ ಎಷ್ಟು ಅಂತಲ್ಲ. ಒಂದು ವರ್ಷಕ್ಕೆ ಬಿಟ್ಟರೆ ಎಷ್ಟು ಕಟ್ಟಬೇಕು, ಎರಡು ವರ್ಷಕ್ಕೆ ಬಿಟ್ಟರೆ ಎಷ್ಟು ಅಂತ. ಅದನ್ನು ರೂಪಾಯಿಯಲ್ಲೇ ಬರೆಸಿಕೊಳ್ಳಬೇಕು. 'ಫೋರ್‌ಕ್ಲೋಷರ್ ಶುಲ್ಕ ಅನ್ವಯ', ಅಂದರೆ ಮೊದಲೇ ಬಿಟ್ಟರೆ ಶುಲ್ಕ, ಎಂಬ ಒಂದು ಸಾಲು ಸಾಲದು.

ವಾರಂಟಿಯಲ್ಲೂ ಒಂದು ತೊಡಕಿದೆ, ಬಹಳ ಜನ ಗಮನಿಸುವುದಿಲ್ಲ. ಕೆಲವು ಕಂಪನಿಗಳು ಬ್ಯಾಟರಿಗೆ ಜೀವಮಾನದ ವಾರಂಟಿ ಕೊಡುತ್ತೇವೆ ಎನ್ನುತ್ತವೆ. ಆದರೆ ಅದು ಮೊದಲ ಮಾಲೀಕರಿಗೆ ಮಾತ್ರ. ಲೀಸ್ ಕಾರಿನ ಮೊದಲ ಮಾಲೀಕರು ಯಾರು? ಆರ್‌ಸಿ ಯಾರ ಹೆಸರಲ್ಲಿ ಆಗುತ್ತದೆ? ನಾಲ್ಕು ವರ್ಷದ ಮೇಲೆ ನೀವು ಆ ಕಾರನ್ನು ಕೊಂಡರೆ ನಿಮ್ಮನ್ನು ಎರಡನೇ ಮಾಲೀಕರು ಎಂದು ಎಣಿಸುತ್ತಾರೆಯೇ? ಎಲೆಕ್ಟ್ರಿಕ್ ಕಾರಿನ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದು. ಆ ವಾರಂಟಿ ಉಳಿಯುತ್ತದೋ ಇಲ್ಲವೋ ಎನ್ನುವುದರ ಮೇಲೆ ಲಕ್ಷಗಳು ನಿಂತಿವೆ.

ಇನ್ನು ಆಪ್ಷನ್‌ಗಳು. ಟಾಪ್ ಮಾಡೆಲ್, ಗಾಜಿನ ಚಾವಣಿ, ದೊಡ್ಡ ಪರದೆ, ಬಣ್ಣ. ಟೆಸ್ಲಾ ಕಂಪನಿ 2025ರ ಜುಲೈನಲ್ಲಿ ಮುಂಬೈಯಲ್ಲಿ ಮೊದಲ ಅಂಗಡಿ ತೆರೆಯಿತು. ಆಗ ಮಾಡೆಲ್ ವೈ ಕಾರಿನ ಆರಂಭದ ಬೆಲೆ 59.89 ಲಕ್ಷ ಇತ್ತು. ಅದರಲ್ಲಿ ಒಂದು ಬೂದು ಬಣ್ಣಕ್ಕೆ ಮಾತ್ರ ಹೆಚ್ಚಿನ ದುಡ್ಡಿರಲಿಲ್ಲ. ಬಿಳಿ ಬೇಕೆಂದರೆ 95,000. ಕೆಂಪು ಬೇಕೆಂದರೆ 1,85,000. 'ತಾನೇ ಓಡುವ' ಎಂದು ಕಂಪನಿ ಕರೆಯುವ ತಂತ್ರಾಂಶಕ್ಕೆ 6 ಲಕ್ಷ. ನಮ್ಮಲ್ಲಿ ಬಹಳ ಜನ ಆ ಕಾರಿನ ಹತ್ತಿರ ಹೋಗುವುದಿಲ್ಲ ಎನ್ನುವುದು ಸರಿ. ಆದರೆ ಒಂದು ಬಣ್ಣಕ್ಕೆ ಹೆಚ್ಚೂಕಡಿಮೆ ಎರಡು ಸ್ಕೂಟರಿನ ಬೆಲೆ ಹಿಡಿಯಬಹುದು ಎನ್ನುವುದು ಗೊತ್ತಿರಲಿ.

ನಮ್ಮ ಹುಡುಗರು ಜಾಸ್ತಿ ಕೇಳುವ ಮಹೀಂದ್ರ ಬಿಇ 6 ನೋಡಿ. 2024ರ ನವೆಂಬರ್‌ನಲ್ಲಿ 18.90 ಲಕ್ಷಕ್ಕೆ ಬಂತು. ಅದರ ಮೇಲಿನ ಮಾಡೆಲ್ ಪ್ಯಾಕ್ ತ್ರೀ 26.90 ಲಕ್ಷ. ಅದರ ಕೆಳಗೆ, ಚಿಕ್ಕ ಬ್ಯಾಟರಿಯ ಪ್ಯಾಕ್ ತ್ರೀ ಸೆಲೆಕ್ಟ್ 24.50 ಲಕ್ಷ. ನೋಡಲು ವ್ಯತ್ಯಾಸ 2 ಲಕ್ಷ 40 ಸಾವಿರ. ಆದರೆ ನಮ್ಮ ರಾಜ್ಯದಲ್ಲಿ ಆಗ 25 ಲಕ್ಷ ದಾಟಿದ ಎಲೆಕ್ಟ್ರಿಕ್ ಕಾರಿಗೆ ಮಾತ್ರ ಶೇಕಡ 10 ಜೀವಿತಾವಧಿ ತೆರಿಗೆ ಇತ್ತು. ಹೀಗಾಗಿ ಮೇಲಿನ ಕಾರಿಗೆ ಇನ್ನೂ 2 ಲಕ್ಷ 69 ಸಾವಿರ ಸೇರುತ್ತಿತ್ತು. ನಿಜವಾದ ವ್ಯತ್ಯಾಸ 5 ಲಕ್ಷ ದಾಟಿತು. ಮನೆಯ ಚಾರ್ಜರ್ ಕೂಡ ಆ ಬೆಲೆಯಲ್ಲಿ ಸೇರಿರಲಿಲ್ಲ. 7.2 ಕಿಲೋವ್ಯಾಟಿನದು 50,000, 11.2 ಕಿಲೋವ್ಯಾಟಿನದು 75,000. ತೆರಿಗೆಯ ನಿಯಮ ಬದಲಾಗುತ್ತಲೇ ಇರುತ್ತದೆ, ಬುಕ್ ಮಾಡುವ ದಿನ ಆರ್‌ಟಿಒದಲ್ಲಿ ಇನ್ನೊಮ್ಮೆ ವಿಚಾರಿಸಿ.

ಲೀಸ್‌ನಲ್ಲಿ ಆಪ್ಷನ್ ಎಷ್ಟು ಭಾರ ಅಂತ ತಿಳಿಯಲು ನನ್ನದೊಂದು ಸರಳ ಅಳತೆ ಇದೆ. ನಾಲ್ಕು ವರ್ಷದ ಲೀಸ್, ಕೊನೆಗೆ ಕಾಲು ಭಾಗ ಬೆಲೆ ಉಳಿಯುತ್ತದೆ, ಬಡ್ಡಿ ಶೇಕಡ 10 ಎಂದು ಹಿಡಿದರೆ, ಒಂದು ಲಕ್ಷದ ಆಪ್ಷನ್‌ಗೆ ತಿಂಗಳ ಬಾಡಿಗೆ ಸುಮಾರು 2,000 ರೂಪಾಯಿ ಏರುತ್ತದೆ. ಅಂದರೆ ನಾಲ್ಕು ವರ್ಷದಲ್ಲಿ ಆ ಲಕ್ಷವನ್ನು ಪೂರ್ತಿ ಕಟ್ಟಿರುತ್ತೀರಿ, ವಸ್ತು ಮಾತ್ರ ಕಾರಿನ ಜತೆ ವಾಪಸ್ ಹೋಗುತ್ತದೆ. ಬ್ರೇಕು, ಏರ್‌ಬ್ಯಾಗು, ನಿಮ್ಮ ಓಡಾಟಕ್ಕೆ ಸಾಕಾಗುವ ಬ್ಯಾಟರಿ, ಇವಕ್ಕೆ ದುಡ್ಡು ಹಾಕಿ. ಅದರಲ್ಲಿ ಜಿಪುಣತನ ಬೇಡ. ಉಳಿದ ಒಂದೊಂದನ್ನೂ ಆಯ್ಕೆ ಮಾಡುವ ಮುಂಚೆ ಇದಕ್ಕೆ ತಿಂಗಳಿಗೆ 2,000 ಕೊಡುತ್ತೀನಾ ಅಂತ ಕೇಳಿಕೊಳ್ಳಿ.

ನಮ್ಮ ಹುಡುಗ ಸಂಜೆ ಬಸ್ಸು ಹತ್ತುವ ಮೊದಲು, ಅಲ್ಲ, ತನ್ನ ಆ ಹಳೇ ಕಾರು ಹತ್ತುವ ಮೊದಲು, ಒಂದು ಹಾಳೆಯಲ್ಲಿ ನಾಲ್ಕು ಪ್ರಶ್ನೆ ಬರೆದುಕೊಂಡ. ಕನಿಷ್ಠ ಕಿಲೋಮೀಟರ್ ಇದೆಯೇ? ಮಧ್ಯದಲ್ಲಿ ಬಿಟ್ಟರೆ ವರ್ಷವಾರು ಎಷ್ಟು? ಆರ್‌ಸಿ ಯಾರ ಹೆಸರಲ್ಲಿ? ಕೊನೆಗೆ ಕೊಳ್ಳುವ ಬೆಲೆ ಎಷ್ಟು? ಅದನ್ನೇ ಷೋರೂಮಿಗೂ ಲೀಸಿಂಗ್ ಕಂಪನಿಗೂ ಮೇಲ್ ಮಾಡಿದ್ದಾನೆ. ಷೋರೂಮಿನಿಂದ ಆಗಲೇ ಮೂರು ಸಲ ಫೋನ್ ಬಂದಿದೆಯಂತೆ, ಹಬ್ಬದ ಆಫರ್ ಮುಗಿಯುತ್ತೆ, ಬೇಗ ಬುಕ್ ಮಾಡಿ ಅಂತ. ಉತ್ತರ ಬರಹದಲ್ಲಿ ಬರಲಿ, ಅವತ್ತೇ ಮುಂಗಡ ಕಟ್ಟುತ್ತೀನಿ ಎಂದು ಹೇಳಿದ್ದಾನೆ.

ನಮಸ್ಕಾರ.