ಹೆಪ್ಪುಗಟ್ಟಿ ಎದ್ದು ಬಂದ ಕೂಗು

ಕೇಳುಗರಿಗೆ ನಮಸ್ಕಾರ.

ಮಾರ್ಚ್ ತಿಂಗಳ ಸಂಜೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಮರಗಳು ಇನ್ನೂ ಬೋಳು. ನೆರಳಿರುವ ಕಡೆ ಹಿಮ ಉಳಿದಿದೆ. ಕತ್ತಲಾಗುತ್ತಿದ್ದಂತೆ ಕಾಡಂಚಿನ ತಗ್ಗಿನಿಂದ ಸದ್ದು ಏಳುತ್ತದೆ. ಪೀಪ್, ಪೀಪ್, ಪೀಪ್. ಮೊದಲು ಒಂದು, ಆಮೇಲೆ ನೂರಾರು. ದೂರದಿಂದ ಕೇಳಿದರೆ ಎತ್ತಿನ ಕೊರಳ ಗೆಜ್ಜೆ ಅಲುಗಿದ ಹಾಗಿರುತ್ತದೆ. ವಟವಟ ಕೇಳಿ ಬೆಳೆದ ನಮಗೆ ಇದು ಕಪ್ಪೆ ಅಂದರೆ ನಂಬುವುದೇ ಕಷ್ಟ, ಅಲ್ವಾ?

ಹೆಸರು ಸ್ಪ್ರಿಂಗ್ ಪೀಪರ್. ಉದ್ದ ಸುಮಾರು 2.5 ಸೆಂಟಿಮೀಟರ್. ನಮ್ಮ 10 ರೂಪಾಯಿ ನಾಣ್ಯದ ಮೇಲೆ ಕೂರಬಲ್ಲದು. ಕಂದು ಬೆನ್ನಿನ ಮೇಲೆ ಗುಣಿಸುವ ಗುರುತಿನಂಥ ಗೆರೆ. ವೈಜ್ಞಾನಿಕ ಹೆಸರಿನಲ್ಲಿರುವ ಕ್ರೂಸಿಫರ್ ಅಂದರೆ ಶಿಲುಬೆ ಹೊತ್ತದ್ದು ಅಂತ.

ಇಷ್ಟು ಪುಟ್ಟ ಜೀವ ಆ ಚಳಿಗಾಲ ಕಳೆದದ್ದು ಹೇಗೆ? ಅದು ಆಳವಾಗಿ ಮಣ್ಣು ತೋಡುವುದಿಲ್ಲ. ತರಗೆಲೆಯ ಕೆಳಗೆ, ಮರದ ತೊಗಟೆಯ ಸಂದಿಯಲ್ಲಿ ಸುಮ್ನೆ ಮುದುಡಿ ಕೂರುತ್ತದೆ. ಚಳಿ ಅಲ್ಲಿಗೂ ಬರುತ್ತದೆ. ಮೈಯೊಳಗಿನ ನೀರು ಹೆಪ್ಪುಗಟ್ಟಲು ಶುರುವಾದ ಕೂಡಲೇ ಲಿವರ್ ತಾನು ಕೂಡಿಟ್ಟದ್ದನ್ನು ಗ್ಲೂಕೋಸ್ ಮಾಡಿ ರಕ್ತಕ್ಕೆ ಸುರಿಯುತ್ತದೆ. ಆ ಸಕ್ಕರೆ ಜೀವಕೋಶಗಳನ್ನು ಕಾಯುತ್ತದೆ. ಐಸ್ ಕೋಶಗಳ ಹೊರಗಷ್ಟೇ ಕಟ್ಟುತ್ತದೆ. ಉಸಿರಿಲ್ಲ. ಹೃದಯವೂ ನಿಲ್ಲುತ್ತದೆ. ಮುಟ್ಟಿದರೆ ಗಟ್ಟಿ. ಬಿಸಿ ಏರಿದಾಗ ಐಸ್ ಕರಗಿ, ನಿಂತ ಹೃದಯ ಮತ್ತೆ ಬಡಿಯುತ್ತದೆ! ಪೀಪರ್ ಮತ್ತು ಇನ್ನೆರಡು ಜಾತಿಯ ಕಪ್ಪೆಗಳು ಹೀಗೆ ಬದುಕುಳಿಯುವುದನ್ನು 1982ರಲ್ಲಿ ವಿಲಿಯಂ ಷ್ಮಿಡ್ ಎಂಬ ವಿಜ್ಞಾನಿ ಬರೆದು ತಿಳಿಸಿದರು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ.

ಎದ್ದ ಗಂಡು ನೀರಿನ ಅಂಚಿಗೆ ಹೋಗಿ ಗಂಟಲ ಚೀಲ ಉಬ್ಬಿಸಿ ಕೂಗುತ್ತದೆ, ಸೆಕೆಂಡಿಗೆ ಹತ್ತಿರ ಹತ್ತಿರ ಒಂದರಂತೆ. ಜೋರಾಗಿ, ಬೇಗ ಬೇಗ ಕೂಗುವ ಗಂಡೇ ಹೆಣ್ಣಿಗೆ ಇಷ್ಟ. ಕೆಲವು ಗಂಡುಗಳು ಬಾಯಿ ಮುಚ್ಚಿ ಒಳ್ಳೆ ಕೂಗುಗಾರನ ಪಕ್ಕದಲ್ಲೇ ಕಾಯುತ್ತವೆ. ಬರುವ ಹೆಣ್ಣನ್ನು ದಾರಿಯಲ್ಲೇ ತಡೆಯುವ ಲೆಕ್ಕ!

ಹೆಣ್ಣು ನೂರಾರು ಮೊಟ್ಟೆಗಳನ್ನು ನೀರೊಳಗಿನ ಕಡ್ಡಿಗಳಿಗೆ ಅಂಟಿಸುತ್ತದೆ. ಅದು ಹಿಮ ಕರಗಿ, ಮಳೆ ಬಿದ್ದು ತುಂಬಿದ ಗುಂಡಿಯಾದರೆ ಒಳ್ಳೆಯದು. ಬೇಸಿಗೆಯಲ್ಲಿ ಒಣಗುವುದರಿಂದ ಅಲ್ಲಿ ಮೀನಿಲ್ಲ. ಆದರೆ ಗೊದಮೊಟ್ಟೆಗಳು ಎರಡು ಮೂರು ತಿಂಗಳಲ್ಲಿ ಕಾಲು ಬಲಿಸಿಕೊಂಡು ಹೊರಬೀಳಬೇಕು. ಆಗಸ್ಟಿನಲ್ಲಿ ಬಂದು ನೋಡಿದವರಿಗೆ ಅದು ಬರೀ ಒಣ ತಗ್ಗು. ಹಾಗಾಗಿ ಮಣ್ಣು ತುಂಬಿ ಮನೆ ಕಟ್ಟುತ್ತಾರೆ. ನನಗೆ ನೋವಾಗುವುದು ಇಲ್ಲೇ. ಅಲ್ಲೊಂದು ಕೆರೆಯಿತ್ತು ಅಂತ ಯಾರಿಗೂ ಗೊತ್ತಾಗುವುದೇ ಇಲ್ಲ.

ತಗ್ಗು ಉಳಿದ ಕಡೆ, ಎಲೆ ಉದುರುವ ಕಾಲದಲ್ಲಿ, ಮಳೆ ನಿಂತ ಸಂಜೆ ಕಾಡಿನೊಳಗಿಂದ ಒಂದೇ ಒಂದು ದನಿ ಕೇಳುವುದುಂಟು. ಹತ್ತಿರ ನೀರೂ ಇಲ್ಲ, ಹೆಣ್ಣೂ ಇಲ್ಲ. ಪೀಪ್. ಸ್ವಲ್ಪ ಬಿಟ್ಟು, ಮತ್ತೆ ಪೀಪ್.