ಬೀಗ ಕತ್ತರಿಸಿದ ಕರ್ನಲ್: ಸಯಾಮಿನ ಫ್ರಾಯಾ ಫಹೋನ್

ಕೇಳುಗರೆಲ್ಲರಿಗೂ ನಮಸ್ಕಾರ. ಈ ಹೊತ್ತಿಗೆ ರೇಡಿಯೊ ಹಾಕಿಕೊಂಡಿರುವವರಲ್ಲಿ ಶಾಲೆಯ ಮೇಷ್ಟ್ರುಗಳು, ಪರೀಕ್ಷೆಗೆ ಓದುತ್ತಿರುವ ತರುಣ ತರುಣಿಯರು ಬಹಳ ಮಂದಿ ಇರುತ್ತಾರೆಂದು ಭಾವಿಸಿ, ನಮ್ಮ ಪಠ್ಯಪುಸ್ತಕಗಳಲ್ಲಿ ಸ್ಥಾನವೇ ಸಿಗದ ಒಬ್ಬ ವ್ಯಕ್ತಿಯ ವಿಷಯವನ್ನು ಇಂದು ಎತ್ತಿಕೊಂಡಿದ್ದೇನೆ. ಇಂದು ಥಾಯ್ಲೆಂಡ್ ಎನಿಸಿಕೊಂಡಿರುವ ಸಯಾಮ್ ದೇಶದ ಸೇನಾಧಿಕಾರಿ ಫ್ರಾಯಾ ಫಹೋನ್ ಅವರೇ ಆ ವ್ಯಕ್ತಿ. ಅವರ ಬಗ್ಗೆ ನಾನು ಹೇಳಬೇಕಾದದ್ದು ಒಂದೇ ಮಾತು: ಬಂದೂಕು ಹಿಡಿದು ಅಧಿಕಾರ ಪಡೆದ ಈ ಮನುಷ್ಯ, ಸಿಕ್ಕ ಅಧಿಕಾರವನ್ನು ಮತ್ತೆ ಮತ್ತೆ ಕೆಳಗಿಡಲು ನೋಡಿದರು.

ಅವರು ಹುಟ್ಟಿದ್ದು 1887ರಲ್ಲಿ, ಬ್ಯಾಂಕಾಕಿನಲ್ಲಿ. ತಂದೆ ಚೀನೀ ಮೂಲದ ಸೇನಾಧಿಕಾರಿ, ತಾಯಿ ಮೋನ್ ಜನಾಂಗದವರು. ಮನೆಯಲ್ಲಿ ಇಟ್ಟ ಹೆಸರು ಫೋಟ್. ಆಗಿನ ಸಯಾಮಿನಲ್ಲಿ ಅರಸನ ಸೇವೆಯಲ್ಲಿ ಮೇಲೇರಿದವರಿಗೆ ಖುನ್, ಲುವಾಂಗ್, ಫ್ರಾ, ಫ್ರಾಯಾ ಎಂದು ಒಂದರ ಮೇಲೊಂದು ಪದವಿಗಳು ದೊರೆಯುತ್ತಿದ್ದವು. ಪದವಿಯ ಜೊತೆಗೆ ಹೊಸ ಹೆಸರೂ ಬರುತ್ತಿತ್ತು. ಹಾಗೆ ಫೋಟ್ ಎಂಬ ಹುಡುಗ ಮುಂದೆ ಫ್ರಾಯಾ ಫಹೋನ್ ಫೊನ್‌ಫಯುಹಸೇನಾ ಆದರು. ಕೆಡೆಟ್ ಶಾಲೆಯಲ್ಲಿ ಕಲಿತು, ವಿದ್ಯಾರ್ಥಿವೇತನ ಪಡೆದು ಜರ್ಮನಿಗೆ ಹೋಗಿ, ಪ್ರಶ್ಯಾದ ಶಿಸ್ತಿನಲ್ಲಿ ತರಬೇತಿ ಪಡೆದು, ಡೆನ್ಮಾರ್ಕಿನಲ್ಲಿಯೂ ಸ್ವಲ್ಪ ಕಾಲ ಓದಿ ಬಂದ ಅವರು ಫಿರಂಗಿ ದಳವನ್ನು ಸೇರಿದರು. ಜರ್ಮನಿಯಲ್ಲಿ ದೊರೆತ ಗೆಳೆಯರನ್ನು ನೆನಪಿನಲ್ಲಿಡಿ. ಅವರಲ್ಲೊಬ್ಬರ ವಿಷಯಕ್ಕೆ ಮತ್ತೆ ಬರುತ್ತೇನೆ.

1930ರ ಸುಮಾರಿಗೆ ಜಗತ್ತಿನ ಆರ್ಥಿಕ ಕುಸಿತ ಸಯಾಮನ್ನೂ ತಟ್ಟಿತು. ನೌಕರರ ಸಂಬಳ ಕಡಿತವಾಯಿತು, ಹಲವರ ಕೆಲಸವೇ ಹೋಯಿತು. ಉನ್ನತ ಹುದ್ದೆಗಳೆಲ್ಲ ರಾಜಕುಮಾರರ ಕೈಯಲ್ಲಿದ್ದವು. 1927ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಿದಿ, ಫಿಬುನ್ ಮೊದಲಾದ ವಿದ್ಯಾರ್ಥಿಗಳು ಗುಟ್ಟಾಗಿ ಕಟ್ಟಿದ್ದ ಜನಪಕ್ಷಕ್ಕೆ ಹಿರಿಯ ಸೇನಾಧಿಕಾರಿಗಳ ಬೆಂಬಲ ಬೇಕಾಗಿತ್ತು. ಹಾಗೆ ಬಂದು ಸೇರಿದ ನಾಲ್ವರಲ್ಲಿ ಫಹೋನ್ ನಾಯಕರು.

ಈಗ 1932ರ ಜೂನ್ 24ರ ಬೆಳಗಿನ ಜಾವಕ್ಕೆ ಬರೋಣ. ಇದನ್ನು ಅವಸರದಲ್ಲಿ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ಅರಸ ಪ್ರಜಾಧಿಪೋಕ್ ಅಂದು ಸಮುದ್ರತೀರದ ಹುವಾ ಹಿನ್ ಅರಮನೆಯಲ್ಲಿದ್ದರು. ಇನ್ನೂ ಕತ್ತಲೆ ಇರುವಾಗಲೇ ಫಹೋನ್ ಮತ್ತು ಅವರ ಸಂಗಡಿಗರು ಒಂದನೆಯ ಅಶ್ವದಳದ ಪಾಳೆಯಕ್ಕೆ ಬಂದರು. ಕವಚದ ಗಾಡಿಗಳೂ ಮದ್ದುಗುಂಡುಗಳೂ ಇದ್ದದ್ದು ಅಲ್ಲಿಯೇ. ಇವರ ಸ್ವಂತ ಸೈನ್ಯವೆಂಬುದು ಆ ಗಳಿಗೆಯಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ. ಸಂಗಡಿಗರಲ್ಲಿ ಒಬ್ಬರಾದ ಫ್ರಾಯಾ ಸೊಂಗ್ ಸೇನಾ ಶಾಲೆಯಲ್ಲಿ ಶಿಕ್ಷಣದ ಮುಖ್ಯಸ್ಥರಾಗಿದ್ದವರು. ಕಾವಲಿನ ಅಧಿಕಾರಿಯನ್ನು ಅವರು ಎದುರು ನಿಲ್ಲಿಸಿಕೊಂಡು, ಊರಿನಲ್ಲಿ ಚೀನೀಯರು ದಂಗೆ ಎದ್ದಿರುವಾಗ ನೀವಿಲ್ಲಿ ಮಲಗಿದ್ದೀರಾ ಎಂದು ಗದರಿದರು. ದಂಗೆ ಎಲ್ಲಿಯೂ ಇರಲಿಲ್ಲ. ಆದರೆ ಗದರಿದ್ದು ಮೇಲಧಿಕಾರಿ; ಸೈನಿಕರು ನಿದ್ದೆಗಣ್ಣಿನಲ್ಲೇ ಎದ್ದು ಸಿದ್ಧರಾಗತೊಡಗಿದರು. ಆ ಗದ್ದಲದ ನಡುವೆ ಫಹೋನ್ ತಾವೇ ಕಬ್ಬಿಣ ಕತ್ತರಿಸುವ ದೊಡ್ಡ ಕತ್ತರಿಯನ್ನು ಹಿಡಿದು ಮದ್ದಿನ ಕೋಣೆಯ ಬೀಗವನ್ನು ತುಂಡರಿಸಿದರು. ನಲವತ್ತೈದು ವಯಸ್ಸಿನ ಕರ್ನಲ್, ಬಿರುದು ಪಡೆದ ಗಣ್ಯ, ಬೀಗ ಒಡೆಯುವ ಕೆಲಸವನ್ನು ಕಿರಿಯರ ಕೈಗೆ ಕೊಡಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಗಾಡಿಗಳು ಹೊರಟವು. ಅತ್ತ ಅರಮನೆಯ ಮುಂದಿನ ಚೌಕಕ್ಕೆ ಕೆಡೆಟ್‌ಗಳನ್ನು ಸೇನಾ ಅಭ್ಯಾಸವೆಂದು ಹೇಳಿ ಕರೆಸಿಕೊಂಡಿದ್ದರು. ಸುಮಾರು ಆರು ಗಂಟೆಗೆ ಫಹೋನ್ ಕವಚದ ಗಾಡಿಯೊಂದರ ಮೇಲೆ ನಿಂತು, ನಿರಂಕುಶ ರಾಜಪ್ರಭುತ್ವ ಕೊನೆಗೊಂಡಿತೆಂದು ಘೋಷಿಸಿದರು. ಅಲ್ಲಿ ನೆರೆದಿದ್ದ ಬಹುಪಾಲು ಸೈನಿಕರಿಗೆ ತಾವು ಯಾವ ಕೆಲಸಕ್ಕೆ ಬಂದಿದ್ದೇವೆಂಬುದು ತಿಳಿದದ್ದೇ ಆಗ. ಅರಸನ ಅನುಪಸ್ಥಿತಿಯಲ್ಲಿ ರಾಜಧಾನಿಯನ್ನು ನೋಡಿಕೊಳ್ಳುತ್ತಿದ್ದ ಹಿರಿಯ ರಾಜಕುಮಾರನನ್ನು ಮನೆಯಿಂದಲೇ ಹಿಡಿದು ತಂದರು. ಒಬ್ಬ ಸೇನಾಪತಿ ಗುಂಡೇಟಿನಿಂದ ಗಾಯಗೊಂಡದ್ದನ್ನು ಬಿಟ್ಟರೆ ರಕ್ತ ಹರಿಯಲಿಲ್ಲ. ಅರಸ ಷರತ್ತುಗಳನ್ನು ಒಪ್ಪಿಕೊಂಡರು. ಜೂನ್ 27ರಂದು ತಾತ್ಕಾಲಿಕ ಸಂವಿಧಾನ ಬಂದಿತು, ಡಿಸೆಂಬರ್ 10ರಂದು ಶಾಶ್ವತವಾದದ್ದು.

ಇಷ್ಟು ಸಾಧಿಸಿದವರು ಮರುದಿನವೇ ಪ್ರಧಾನಿಯ ಕುರ್ಚಿಯಲ್ಲಿ ಕೂರಬಹುದಿತ್ತಲ್ಲವೇ? ಕೂರಲಿಲ್ಲ. ಫ್ರಾಯಾ ಮನೋಪಕೊನ್ ಎಂಬ ನ್ಯಾಯಾಧೀಶರನ್ನು ಕೂರಿಸಿದರು. ಆ ಪ್ರಧಾನಿ 1933ರ ಏಪ್ರಿಲಿನಲ್ಲಿ ಶಾಸನಸಭೆಯನ್ನೇ ಮುಚ್ಚಿಬಿಟ್ಟಾಗ, ಜೂನ್ 20ರಂದು ಫಹೋನ್ ಮತ್ತೆ ಸೈನ್ಯವನ್ನು ಹೊರತಂದು, ಸಭೆಯನ್ನು ತೆರೆಸಿ, ಆ ಬಳಿಕವಷ್ಟೇ ಪ್ರಧಾನಿಯಾದರು. ಸೈನಿಕರ ಆಟ ಎಂದು ಇದನ್ನೆಲ್ಲ ಒಂದೇ ಮಾತಿನಲ್ಲಿ ತಳ್ಳಿಹಾಕುವ ಪಂಡಿತರನ್ನು ಕಂಡರೆ ನನಗೆ ಸಹನೆ ಉಳಿಯುವುದಿಲ್ಲ. ಮುಚ್ಚಿದ ಸಭೆಯನ್ನು ತೆರೆಸುವುದಕ್ಕೆ ಸೈನ್ಯ ತಂದವರೆಷ್ಟು ಮಂದಿ, ಹೇಳಿ?

ಅದೇ ಅಕ್ಟೋಬರಿನಲ್ಲಿ ರಾಜಕುಮಾರ ಬೊವೊರದೇತ್ ಹೊಸ ಸರ್ಕಾರದ ವಿರುದ್ಧ ಎದ್ದು, ಈಶಾನ್ಯದ ಖೋರಾಟ್ ಊರಿನ ಸೈನ್ಯದೊಂದಿಗೆ ರೈಲುಹಾದಿ ಹಿಡಿದು ಬಂದು ದೋನ್ ಮುವಾಂಗ್ ವಿಮಾನನೆಲೆಯನ್ನು ವಶಪಡಿಸಿಕೊಂಡರು. ದಂಗೆಯನ್ನು ಅಡಗಿಸಿ ಹೆಸರು ಮಾಡಿದವರು ತರುಣ ಫಿಬುನ್. ಆ ಹೋರಾಟದಲ್ಲಿ ದಂಗೆಕೋರರ ಕಡೆಯಲ್ಲಿ ಸತ್ತವರು ಫ್ರಾಯಾ ಸೀ ಸಿತ್ತಿ, ಫಹೋನರ ಜರ್ಮನಿಯ ಗೆಳೆಯ. ಕ್ರಾಂತಿಗೆ ಕರೆದಾಗ ಬರಲು ಒಪ್ಪದಿದ್ದವರು ಇವರೇ. ಒಂದೇ ಶಾಲೆಯ ಬೆಂಚಿನಲ್ಲಿ ಕುಳಿತವರು ಎದುರುಬದುರು ನಿಂತ ಈ ಪ್ರಸಂಗಕ್ಕೆ ಬೇರೆಯೇ ಒಂದು ಭಾಷಣ ಬೇಕು.

ಸಮಯ ಮೀರುತ್ತಿದೆ, ಆದ್ದರಿಂದ ಅವರ ಐದು ವರ್ಷಗಳ ಆಡಳಿತವನ್ನು ಬೇಗ ಹೇಳುತ್ತೇನೆ. 1933ರ ನವೆಂಬರಿನಲ್ಲಿ ದೇಶದ ಮೊದಲ ಚುನಾವಣೆ ನಡೆಯಿತು, 1934ರಲ್ಲಿ ತಮ್ಮಸಾತ್ ವಿಶ್ವವಿದ್ಯಾಲಯ ತೆರೆಯಿತು, ವಿದೇಶಿಯರು ಸಯಾಮಿನ ನ್ಯಾಯಾಲಯಗಳಿಂದ ತಪ್ಪಿಸಿಕೊಳ್ಳಲು ಅವಕಾಶ ಕೊಟ್ಟಿದ್ದ ಹಳೆಯ ಒಪ್ಪಂದಗಳ ಜಾಗಕ್ಕೆ 1937ರಲ್ಲಿ ಹೊಸ ಒಪ್ಪಂದಗಳು ಬಂದವು. ಆದರೆ ನೀವು ಬರೆದಿಟ್ಟುಕೊಳ್ಳಬೇಕಾದ ವರ್ಷಗಳು ಬೇರೆ. 1934ರಲ್ಲಿ ರಬ್ಬರ್ ಉತ್ಪಾದನೆಗೆ ಮಿತಿ ಹಾಕುವ ಅಂತರರಾಷ್ಟ್ರೀಯ ಒಪ್ಪಂದವನ್ನು ಸಭೆ ತಿರಸ್ಕರಿಸಿತು. ಫಹೋನ್ ರಾಜೀನಾಮೆ ಕೊಟ್ಟರು. 1937ರಲ್ಲಿ ಅರಸೊತ್ತಿಗೆಯ ಜಮೀನನ್ನು ಅಧಿಕಾರದಲ್ಲಿದ್ದವರಿಗೇ ಮಾರಿದ ಹಗರಣ ಹೊರಬಿತ್ತು, ಮತ್ತೆ ರಾಜೀನಾಮೆ. ಎರಡು ಸಲವೂ ಅವರನ್ನೇ ಕರೆದು ಕೂರಿಸಿದರು. 1938ರಲ್ಲಿ ಆಯವ್ಯಯದ ವಿಚಾರವಾಗಿ ಸಭೆಯಲ್ಲಿ ಸೋತು ಅವರು ಕೊಟ್ಟ ರಾಜೀನಾಮೆಯನ್ನು, ಬಾಲಕನಾಗಿದ್ದ ಹೊಸ ಅರಸನ ಪರವಾಗಿ ಅಧಿಕಾರ ನಡೆಸುತ್ತಿದ್ದ ರಾಜಪ್ರತಿನಿಧಿಗಳು ಒಪ್ಪದೆ ಸಭೆಯನ್ನೇ ವಿಸರ್ಜಿಸಿದರು. ಚುನಾವಣೆಯ ನಂತರ ಮಾತ್ರ ಅವರು ಮುಂದುವರಿಯಲು ಒಪ್ಪಲಿಲ್ಲ. ಡಿಸೆಂಬರಿನಲ್ಲಿ ಫಿಬುನ್ ಪ್ರಧಾನಿಯಾದರು.

ಭಾರತದ ನಂಟೂ ಒಂದಿದೆ. ಕ್ರಾಂತಿಯ ನೆನಪಿಗೆಂದು ಬ್ಯಾಂಕಾಕಿನ ಬಾಂಗ್ ಖೇನಿನಲ್ಲಿ ಕಟ್ಟಿದ ವಾಟ್ ಫ್ರಾ ಸೀ ಮಹಾತಾತ್ ದೇವಾಲಯಕ್ಕೆ ಬುದ್ಧನ ಧಾತುವೂ ಬೋಧಿವೃಕ್ಷದ ಕೊಂಬೆಗಳೂ ಹೋದದ್ದು ನಮ್ಮ ದೇಶದಿಂದ. ಅಲ್ಲಿ ಮೊದಲು ಭಿಕ್ಷು ದೀಕ್ಷೆ ಪಡೆದವರು ಫಹೋನ್.

1947ರ ಫೆಬ್ರುವರಿ 14ರಂದು ಅವರು ತೀರಿಕೊಂಡಾಗ ಮನೆಯವರ ಬಳಿ ಅಂತ್ಯಕ್ರಿಯೆಗೆ ಸಾಕಾಗುವಷ್ಟು ಹಣ ಇರಲಿಲ್ಲ. ಸರ್ಕಾರವೇ ಭಾರ ಹೊತ್ತಿತು. ಐದು ವರ್ಷ ಖಜಾನೆಯ ಮೇಲೆ ಅಧಿಕಾರವಿದ್ದವರ ಮಾತಿದು. ಲೋಪ್‌ಬುರಿಯ ಫಿರಂಗಿ ಕೇಂದ್ರದಲ್ಲಿದ್ದ ಅವರ ಪ್ರತಿಮೆಯನ್ನು 2020ರಲ್ಲಿ ತೆಗೆದರು, ಪಾಳೆಯದ ಹೆಸರನ್ನೂ ಬದಲಾಯಿಸಿದರು. ಬ್ಯಾಂಕಾಕಿನಿಂದ ಉತ್ತರದ ಗಡಿಯವರೆಗೆ ಸಾಗುವ ಹೆದ್ದಾರಿ ಮಾತ್ರ ಇಂದಿಗೂ ಫಹೊನ್‌ಯೋತಿನ್ ರಸ್ತೆಯೇ ಆಗಿದೆ. ಆ ದೇಶಕ್ಕೆ ಹೋಗುವ ಕನ್ನಡಿಗರು ಅದರ ಮೇಲೆ ಪ್ರಯಾಣ ಮಾಡುವಾಗ ಅದು ಯಾರ ಹೆಸರೆಂಬುದನ್ನು ಜೊತೆಯವರಿಗೂ ಹೇಳಬೇಕೆಂದು ಕೋರುತ್ತೇನೆ. ನಮಸ್ಕಾರ.