ಸೊಸೆಯ ಬಟ್ಟೆ, ಅತ್ತೆಯ ಬಟ್ಟೆ

ಕೇಳುಗರಿಗೆಲ್ಲ ನಮಸ್ಕಾರ. ರಷ್ಯಾದ ಹಳೆಯ ಚರ್ಚ್ ಕಸೂತಿಯ ಬಗ್ಗೆ ಒಂದೇ ಮಾತು ಹೇಳಲು ಬಂದಿದ್ದೇನೆ. ಈ ಬಟ್ಟೆಗಳ ಅಂದ ನೋಡಿ ಸುಮ್ನೆ ಮುಂದೆ ಹೋಗಬೇಡಿ. ಅವನ್ನು ಓದಿ. ಅರಮನೆಯ ಹೆಂಗಸರು ತಾವು ಹೇಳಬೇಕಾದ್ದನ್ನು ದಾರದಲ್ಲಿ ಬರೆಸಿಟ್ಟಿದ್ದಾರೆ.

ಹದಿನೈದು, ಹದಿನಾರನೆಯ ಶತಮಾನದ ಮಾಸ್ಕೋದಲ್ಲಿ ಗಂಡಸರ ಸಭೆಯಲ್ಲಿ ಹೆಂಗಸರು ಕೂರುವುದು ಅಪರೂಪ. ಆದರೆ ದೊಡ್ಡ ಮನೆಗಳಲ್ಲಿ ಬೆಳಕು ಚೆನ್ನಾಗಿ ಬೀಳುವ ಕೋಣೆಯೊಂದು ಇರುತ್ತಿತ್ತು. ಅದು ಸ್ವೆತ್ಲಿತ್ಸಾ. ಮನೆಯ ಯಜಮಾನಿ ನಡೆಸುತ್ತಿದ್ದ ಕಸೂತಿ ಕೋಣೆ. ಅಲ್ಲಿ ತಯಾರಾದ ಬಟ್ಟೆ ಚರ್ಚಿಗೆ ಕಾಣಿಕೆಯಾಗಿ ಹೋಗುತ್ತಿತ್ತು. ಐಕಾನ್ ಎಂದರೆ ಚರ್ಚಿನಲ್ಲಿ ಪೂಜಿಸುವ ಪವಿತ್ರ ಚಿತ್ರ. ಅದರ ಕೆಳಗೆ ತೂಗುಹಾಕುವ ಬಟ್ಟೆಗೆ ಪೆಲೆನಾ ಅನ್ನುತ್ತಾರೆ. ಎಲ್ಲರ ಕಣ್ಣೂ ಬೀಳುವ ಜಾಗ ಅದು, ಅಲ್ವಾ?

ಈಗ ನನಗೆ ತುಂಬಾ ಇಷ್ಟವಾದ ಕಥೆ ಕೇಳಿ. ಮಾಸ್ಕೋದ ದೊರೆ ಮೂರನೆಯ ಇವಾನನ ಎರಡನೆಯ ಹೆಂಡತಿ ಸೋಫಿಯಾ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ಕೈಗೆ ಬಿದ್ದಾಗ ಸತ್ತ, ಬೈಜಾಂಟೈನ್ ಸಾಮ್ರಾಜ್ಯದ ಕೊನೆಯ ಚಕ್ರವರ್ತಿಯ ತಮ್ಮನ ಮಗಳು. 1472ರಲ್ಲಿ ಮದುವೆಯಾಗಿ ಬಂದಳು. ಮೊದಲ ಹೆಂಡತಿಯ ಮಗನಿಗೆ ಮೊಲ್ದಾವಿಯದ ಎಲೆನಾಳನ್ನು ತಂದರು. ಆ ಮಗ 1490ರಲ್ಲಿ ತೀರಿಕೊಂಡ. ಮುಂದಿನ ದೊರೆ ಯಾರು? ಎಲೆನಾಳ ಮಗ ದ್ಮಿತ್ರಿಯೋ, ಸೋಫಿಯಾಳ ಮಗ ವಸೀಲಿಯೋ?

1498ರ ಫೆಬ್ರವರಿಯಲ್ಲಿ ತಾತ ಇವಾನ್ ಮೊಮ್ಮಗ ದ್ಮಿತ್ರಿಗೆ ಪಟ್ಟ ಕಟ್ಟಿದ. ಅದೇ ವರ್ಷದ್ದೆನ್ನುವ ಒಂದು ಪೆಲೆನಾ ಇದೆ, ಎಲೆನಾಳ ಕೋಣೆಯದು. ಮೇರಿ ಮಾತೆಯ ಐಕಾನಿನ ಮೆರವಣಿಗೆ. ಪಾದ್ರಿಗಳು, ಜನ, ರಾಜ ಪರಿವಾರ. ದೇವರ ಚಿತ್ರಗಳ ನಡುವೆ ಬದುಕಿದ್ದವರನ್ನೇ ತಂದು ನಿಲ್ಲಿಸಿದ್ದಾರೆ! ಕಿರೀಟ ಇಟ್ಟುಕೊಂಡವನು ದ್ಮಿತ್ರಿ, ಅಂಚಿನಲ್ಲಿ ನಿಂತವಳು ಸೋಫಿಯಾ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಗೆದ್ದವಳ ಬಟ್ಟೆ ಅದು.

ಸೋಫಿಯಾ ಸುಮ್ಮನಿರಲಿಲ್ಲ. ಮರುವರ್ಷ, 1499ರಲ್ಲಿ, ಮಾಸ್ಕೋ ಬಳಿಯ ದೊಡ್ಡ ಮಠವಾದ ಟ್ರಿನಿಟಿ-ಸೆರ್ಗಿಯಸ್ ಮಠಕ್ಕೆ ತಾನೂ ಒಂದು ಪೆಲೆನಾ ಕೊಟ್ಟಳು. ನಡುವೆ ಶಿಲುಬೆ, ಸುತ್ತ ಸಂತರು. ಬರಹ ಓದಿ. ತನ್ನನ್ನು ಮಾಸ್ಕೋದ ರಾಣಿ ಅಂದುಕೊಳ್ಳುವ ಮೊದಲು 'ತ್ಸಾರ್‌ಗ್ರಾದಿನ ರಾಜಕುಮಾರಿ' ಅಂದುಕೊಂಡಿದ್ದಾಳೆ. ತ್ಸಾರ್‌ಗ್ರಾದ್ ಎಂದರೆ ಕಾನ್‌ಸ್ಟಾಂಟಿನೋಪಲ್. ಮದುವೆಯಾಗಿ 27 ವರ್ಷ ಆದ ಮೇಲೂ! ನನ್ನ ಮಗನ ಮೈಯಲ್ಲಿ ಚಕ್ರವರ್ತಿಗಳ ರಕ್ತವಿದೆ ಅಂತ ಇದಕ್ಕಿಂತ ಜೋರಾಗಿ ಹೇಳುವುದು ಹೇಗೆ? 1502ರಲ್ಲಿ ಇವಾನನೇ ಮನಸ್ಸು ಬದಲಿಸಿ ಎಲೆನಾ ಮತ್ತು ದ್ಮಿತ್ರಿಯನ್ನು ಸೆರೆಗೆ ಹಾಕಿಸಿದ. ಇಬ್ಬರೂ ಅಲ್ಲೇ ಸತ್ತರು. ವಸೀಲಿ ದೊರೆಯಾದ.

ಇಷ್ಟೆಲ್ಲ ಇದ್ದೂ 'ಹೊತ್ತು ಕಳೆಯಲು ಮಾಡಿದ ಹೊಲಿಗೆ' ಅನ್ನುವವರು ಇದ್ದಾರೆ. ದಯವಿಟ್ಟು ಹಾಗನ್ನಬೇಡಿ.

ಹೊತ್ತಾಗುತ್ತಿದೆ, ಕೆಲಸದ ಬಗೆ ಚುಟುಕಾಗಿ ಹೇಳುತ್ತೇನೆ. ಮೊದಲು ಚಿತ್ರಗಾರ ಬಟ್ಟೆಯ ಮೇಲೆ ಗೆರೆ ಎಳೆಯುತ್ತಾನೆ. ಮುಖ, ಕೈಗಳಿಗೆ ಸಣ್ಣ ರೇಷ್ಮೆ ಹೊಲಿಗೆ. ಉಡುಪಿಗೆ ಚಿನ್ನದ ದಾರ. ನಮ್ಮ ರೇಷ್ಮೆ ಸೀರೆಯ ಜರಿಯ ಹಾಗೆ, ಎಳೆಯ ಮೇಲೆ ಚಿನ್ನದ ನೀರು ಕೊಟ್ಟ ಬೆಳ್ಳಿಯ ತೆಳು ಪಟ್ಟಿ ಸುತ್ತಿದ ದಾರ. ಅದನ್ನು ಬಟ್ಟೆಯ ಒಳಗೆ ಹೊರಗೆ ಎಳೆಯುವುದಿಲ್ಲ. ಮೇಲೆ ಮಲಗಿಸಿ, ರೇಷ್ಮೆಯಿಂದ ಅಲ್ಲಲ್ಲಿ ಕಟ್ಟುತ್ತಾರೆ. ಆ ಕಟ್ಟುಗಳೇ ಸಾಲಾಗಿ ಸೇರಿ ವಿನ್ಯಾಸವಾಗುತ್ತವೆ. ಮುತ್ತಿನ ಕೆಲಸವೂ ಉಂಟು, ರಷ್ಯಾದ ಉತ್ತರದ ನದಿಗಳಲ್ಲೇ ಸಿಗುತ್ತಿದ್ದ ಮುತ್ತು.

ಇನ್ನೊಬ್ಬಳನ್ನು ಬಿಡುವ ಹಾಗಿಲ್ಲ. ಯೆಫ್ರೊಸಿನ್ಯಾ ಸ್ತಾರಿತ್ಸ್‌ಕಾಯಾ, ವಸೀಲಿಯ ಮಗನಾದ, 'ಭಯಂಕರ' ಎಂದು ಹೆಸರಾದ ದೊರೆ ನಾಲ್ಕನೆಯ ಇವಾನನ ಚಿಕ್ಕಮ್ಮ. 1561ರಲ್ಲಿ ಅದೇ ಮಠಕ್ಕೆ ಯೇಸುವಿನ ಶವದ ಚಿತ್ರವಿರುವ ದೊಡ್ಡ ಬಟ್ಟೆ ಕೊಟ್ಟಳು. ಅದರ ಮೇಲಿನ ಬರಹದಲ್ಲಿ ಮಗ ವ್ಲಾದಿಮಿರ್ ಯಾವ ದೊರೆಯ ಮೊಮ್ಮಗ, ಯಾವ ದೊರೆಯ ಮರಿಮಗ ಎಂದು ಬಿಡಿಸಿ ಹೊಲಿಸಿದ್ದಾಳೆ. ಸಿಂಹಾಸನದ ಮೇಲೆ ಇವನಿಗೂ ಹಕ್ಕಿದೆ ಎಂದು ಹೇಳುವ ದಾರಿ ಅದು. 1563ರಲ್ಲಿ ಈ ಭಯಂಕರ ಇವಾನ್ ಅವಳನ್ನು ಸನ್ಯಾಸಿನಿಯಾಗಿ ಮಾಡಿ ದೂರದ ಗೊರಿತ್ಸಿ ಮಠಕ್ಕೆ ಕಳಿಸಿದ. 1569ರಲ್ಲಿ ತಾಯಿ ಮಗ ಇಬ್ಬರನ್ನೂ ಕೊಲ್ಲಿಸಿದ.

ನಮಸ್ಕಾರ.